ಐದು ದಿನದ ಸೀತಾಳೆ

ಬೇರೆ ದೇಶದಲ್ಲಿರುವ ಫೋನು ಬೇರೆ ಥರ ರಿಂಗಾಗುತ್ತದೆ. ನಮ್ಮಲ್ಲಿ ಎರಡು ಸಲ ಚಿಕ್ಕದಾಗಿ ಬಡಿದು, ನಿಂತು, ಮತ್ತೆ ಎರಡು ಸಲ. ಸ್ಪೇನಿನಲ್ಲಾದರೆ ಒಂದೇ ಉದ್ದನೆಯ ಸದ್ದು. ಇಂಗ್ಲೆಂಡಿನ ಯಾವ ಶಾಲೆಯ ಆಫೀಸಿನ ಹೆಂಗಸನ್ನು ಕೇಳಿದರೂ ಇದನ್ನು ಹೇಳುತ್ತಾಳೆ. ಒಂಬತ್ತೂವರೆಗೆ, ಬಾರದ ಮಕ್ಕಳ ಮನೆಗೆಲ್ಲ ಫೋನು ಮಾಡುವುದು ನಮ್ಮ ಕೆಲಸ. ‘ಮಗುಗೆ ಜ್ವರ ಕಣ್ರೀ’ ಎಂದು ತಾಯಿ ಬಾಯಿ ಬಿಡುವ ಮೊದಲೇ ಆ ಉದ್ದನೆಯ ಸದ್ದು ಎಲ್ಲ ಹೇಳಿಬಿಟ್ಟಿರುತ್ತದೆ. ಹದಿನಾರು ವರ್ಷ ಆ ಸದ್ದು ಕೇಳಿದ ಕೂಡಲೇ ‘ಕಾಯಿಲೆ’ ಬಿಟ್ಟು ‘ಅನುಮತಿಯಿಲ್ಲದ ರಜೆ’ ಎಂದು ಒತ್ತಿದವಳು ನಾನು. ಶಾಲೆ ನಡೆಯುವಾಗ ಮಗುವನ್ನು ಪ್ರವಾಸಕ್ಕೆ ಕರೆದೊಯ್ದರೆ ಇಲ್ಲಿ ದಂಡ; ಆಮೇಲೆ ಊರಿನ ಕೌನ್ಸಿಲ್ಲಿನವರು ಅದರ ಕಾಗದ ಕಳಿಸುತ್ತಿದ್ದರು. ಆ ತಾಯಂದಿರು ಅಂಗಡಿಯಲ್ಲಿ ಎದುರಾದರೆ ಬ್ರೆಡ್ಡಿನ ಸಾಲಿನ ಕಡೆ ತಿರುಗಿಕೊಳ್ಳುತ್ತಿದ್ದರು. ನಾನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಿಯಮ ನನ್ನದಲ್ಲವಲ್ಲ.

ಆದರೆ ನಮ್ಮೂರಿನ ಸಂಕಟ ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮದು ಪೂರ್ವ ಕರಾವಳಿಯ ಊರು, ಬೇರೆಯವರ ರಜೆಯ ಮೇಲೆ ಬದುಕುವ ಊರು. ದೇಶದ ಶಾಲೆಗಳಿಗೆಲ್ಲ ರಜೆ ಬಿಟ್ಟಾಗ ಅವರು ಮರಳಾಟದ ಬಕೆಟ್ಟು, ಸಲಿಕೆ ಹಿಡಿದ ಮಕ್ಕಳ ಜೊತೆ ಇಲ್ಲಿಗೆ ಬರುತ್ತಾರೆ. ಆಗ ನಮ್ಮ ಮಕ್ಕಳಿಗೂ ರಜೆ. ಅವರ ಅಪ್ಪ ಅಮ್ಮಂದಿರು ಮಾತ್ರ ಮೀನು ಕರಿಯುತ್ತಲೋ, ಪ್ರವಾಸಿಗರು ತಂಗುವ ಕಾರವಾನ್ ಪಾರ್ಕಿನಲ್ಲಿ ಹಾಸಿಗೆ ಬಟ್ಟೆ ಬದಲಿಸುತ್ತಲೋ, ಕಡಲತೀರದ ಕತ್ತೆ ಸವಾರಿಯ ಸಾಲನ್ನು ಕಾಯುತ್ತಲೋ ಇರುತ್ತಾರೆ. ಈಸ್ಟರಿನಿಂದ ಸೆಪ್ಟೆಂಬರಿನ ಕೊನೆಯವರೆಗೆ ಯಾರಿಗೂ ರಜೆ ಸಿಗುವುದಿಲ್ಲ. ಅಕ್ಟೋಬರಿನ ಕೊನೆಯ ರಜೆವಾರದಲ್ಲೂ ಊರು ಇನ್ನೊಮ್ಮೆ ತುಂಬುತ್ತದೆ. ಹಿಂದಿನ ಹೆಡ್‌ಮೇಡಮ್ ಇದನ್ನು ತಿಳಿದವರು. ಅಕ್ಟೋಬರಿನ ಮೊದಲ ವಾರ ಯಾರು ಕೇಳಿದರೂ ಸಹಿ ಹಾಕಿ ಕೊಡುತ್ತಿದ್ದರು. ಆಮೇಲೆ ಹಾಗೆ ರಜೆ ಕೊಡಬಾರದೆಂದು ಲಂಡನ್ನಿನಿಂದ ಹೊಸ ನಿಯಮ ಬಂತು, ಅವರು ನಿವೃತ್ತರಾದರು. ಈಗಿನವರು ಮಿಸೆಸ್ ಗಾರ್ಸೈಡ್. ಅವರು ಕೆಟ್ಟವರೇನಲ್ಲ. ಆದರೆ ಕೇಳಿದವರಿಗೆಲ್ಲ ಇಲ್ಲವೆನ್ನದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ನನ್ನ ಮಗಳು ಬ್ರಯನಿ ಬೆಳೆದದ್ದು ಗೆಸ್ಟ್ ಹೌಸಿನಲ್ಲಿ. ನಾನೂ ನನ್ನ ಗಂಡನೂ ಆರು ಕೋಣೆಯ ಮನೆಯೊಂದನ್ನು ನಡೆಸುತ್ತಿದ್ದೆವು. ಸಮುದ್ರ ಕಾಣುವ ಕಿಟಕಿ ಇದ್ದದ್ದು ಬ್ರಯನಿಯ ಕೋಣೆಗೆ. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಮೊದಲು ಬಾಡಿಗೆಗೆ ಹೋಗುತ್ತಿದ್ದದ್ದು ಅದೇ. ಅವಳ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿ, ನಮ್ಮ ಮಂಚದ ಪಕ್ಕ ಮಡಿಸುವ ಮಂಚ ಹಾಕುತ್ತಿದ್ದೆ. ಬೇರೆ ಮಕ್ಕಳು ಅವಳ ಕಿಟಕಿಯ ಕಟ್ಟೆಯಲ್ಲಿ ಕಪ್ಪೆಚಿಪ್ಪು ಜೋಡಿಸುತ್ತಿದ್ದರು. ಒಂಬತ್ತು ವರ್ಷದವಳಿದ್ದಾಗ ಒಮ್ಮೆ, ಯಾರದೋ ಒದ್ದೆ ಟವಲುಗಳನ್ನು ನನ್ನ ಜೊತೆ ಹಿಂಡುತ್ತಾ ಕೇಳಿದ್ದಳು, “ಅಮ್ಮಾ, ನಾವು ಗೆಸ್ಟ್ ಆಗೋದು ಯಾವಾಗ?”

“ಮುಂದಿನ ವರ್ಷ” ಎಂದಿದ್ದೆ. ನನಗೆ ಆಗಲೂ ಗೊತ್ತಿತ್ತು, ಅದು ಆಗುವ ಮಾತಲ್ಲವೆಂದು.

ಈ ಆಗಸ್ಟಿನ ಒಂದು ಭಾನುವಾರ ಅವಳು ಊಟಕ್ಕೆ ಬಂದಾಗ ಕೂದಲೆಲ್ಲ ಕರಿದೆಣ್ಣೆಯ ವಾಸನೆ. ಕರಿದ ಮೀನಿನ ಅಂಗಡಿಯ ಕೌಂಟರಿನಲ್ಲಿ ಅವಳಿಗದು ಏಳನೆಯ ಬೇಸಿಗೆ. ಅವಳ ಮಗಳು, ಏಳು ವರ್ಷದ ಈಡಿ, ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಳು.

“ಅಮ್ಮಾ, ಬುಕ್ ಮಾಡ್ಬಿಟ್ಟೆ” ಎಂದಳು. “ಸ್ಪೇನಿನ ಮಯೋರ್ಕಾ ದ್ವೀಪ. ಅಕ್ಟೋಬರ್ ಮೊದಲ್ನೇ ವಾರ. ನೀನು ಬೈಯೋದಾದ್ರೆ ಈಗ್ಲೇ ಬೈದ್ಬಿಡು, ಆಲೂಗಡ್ಡೆ ಬಿಸಿ ಇರೋವಾಗ್ಲೇ.”

“ಶಾಲೆ?”

“ಶಾಲೇನ ನೀನು ನೋಡ್ಕೋತೀಯ ಅಂದ್ಕೊಂಡೆ. ಹೊಟ್ಟೆನೋವು ಅಂತೀನಿ.”

“ಹೊಟ್ಟೆನೋವು ಎರಡು ದಿನ ಕಣೆ. ಮೂರ್ನೇ ದಿನ ಅವ್ರು ಮನೆ ಬಾಗ್ಲಿಗೆ ಬರ್ತಾರೆ.”

“ಮತ್ತೇನನ್ಲಿ? ಕಾಲು ಮುರೀತು ಅನ್ಲಾ?”

ನಾನು ತಟ್ಟೆಗೆ ಬಟಾಣಿ ಬಡಿಸುತ್ತಿದ್ದೆ. ಚಮಚ ಕೆಳಗಿಡಲೂ ಇಲ್ಲ. “ಐದು ದಿನಕ್ಕೆ ಅಂದ್ರೆ ಸೀತಾಳೆ ಸಿಡುಬು ಒಂದೇ” ಎಂದೆ. “ಗುಳ್ಳೆ ಒಣಗೋ ತನಕ ಶಾಲೇಲಿ ಸೇರಿಸ್ಕೊಳ್ಳಲ್ಲ. ಡಾಕ್ಟ್ರೂ ನೋಡಲ್ಲ, ಮನೇಲೇ ಇರಿ ಅಂತಾರೆ. ಚೀಟಿ ಗೀಟಿ ಯಾರೂ ಕೇಳಲ್ಲ.”

ಬ್ರಯನಿ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಬಂದು ಹಿಂದಿನಿಂದ ತಬ್ಬಿಕೊಂಡಳು. “ಅಬ್ಬಾ ಗೇನರಮ್ಮ! ನಿನ್ನ ಹೊಟ್ಟೇಲಿ ಇಂಥ ಬುದ್ಧೀನೂ ಇದ್ಯಾ!” ಎಂದು ನನ್ನ ಹೆಸರು ಹಿಡಿದೇ ಕರೆದಳು. ಅವಳು ಹಾಗೆ ತಬ್ಬಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅಂದು ನನಗೆ ಒಂದಿಷ್ಟೂ ತಪ್ಪೆನಿಸಲಿಲ್ಲ. ಹಳೆಯ ಬಾಕಿಯೊಂದು ತೀರುತ್ತಿದೆ ಅನಿಸಿತ್ತು, ಅಷ್ಟೇ.

ಸೆಪ್ಟೆಂಬರಿನ ಮೂರನೆಯ ವಾರ ರೋಮಿ ಶಾಲೆಗೆ ಮರಳಿದಳು. ಅವಳು ಈಡಿಯ ತರಗತಿಯವಳು. ರಕ್ತದ ಕ್ಯಾನ್ಸರ್ ಎಂದು ಹದಿನಾಲ್ಕು ತಿಂಗಳು ಆಸ್ಪತ್ರೆಯಲ್ಲೂ ಮನೆಯಲ್ಲೂ ಇದ್ದು ಬಂದವಳು. ತಲೆಯ ಮೇಲೆ ಮರಿ ಹಕ್ಕಿಯ ಪುಕ್ಕದಂಥ ಕೂದಲು ಬಂದಿತ್ತು. ಕ್ಯಾನ್ಸರಿನ ಮಾತ್ರೆ ಇನ್ನೂ ನಡೆಯುತ್ತಿತ್ತು, ಬೇರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುವಂಥದ್ದು. ಅವಳ ತಾಯಿ ಶೆಲ್ಲಿ ಕಾರವಾನ್ ಪಾರ್ಕಿನಲ್ಲಿ ಕೆಲಸ ಮಾಡುವವಳು. ಮೊದಲ ದಿನವೇ ಒಂದು ಕಾಗದವನ್ನು ತಂದು ನನ್ನ ಕೈಗೇ ಕೊಟ್ಟಳು.

“ಸೀತಾಳೆ, ದಡಾರ, ಈ ಎರಡು ಮಾತ್ರ ಗೇನರ್. ಯಾವ ಮಗುಗೆ ಬಂದ್ರೂ ಆ ಗಳಿಗೇಲೇ ನಂಗೆ ಫೋನ್ ಮಾಡ್ಬೇಕು. ಬೇರೆ ಮಕ್ಳಿಗೆ ಅದು ಬರೀ ಗುಳ್ಳೆ. ಇವ್ಳಿಗೆ ಹಾಗಲ್ಲ.”

“ಫೋನಿನ ಪಕ್ಕಾನೇ ಅಂಟಿಸ್ತೀನಿ ನೋಡು” ಎಂದು ಅವಳೆದುರಿಗೇ ಅಂಟಿಸಿದೆ.

ರೋಮಿಗೆ ಶಾಲೆಯೆಂದರೆ ಹಬ್ಬ. ಸಾಲು ನಿಲ್ಲುವುದು, ಊಟದ ತಟ್ಟೆ ಹಿಡಿಯುವುದು, ಮಳೆ ಬಂದಾಗ ಒಳಗೇ ಆಡುವುದು, ಎಲ್ಲದಕ್ಕೂ ಅವಳ ಕಣ್ಣು ಅರಳುತ್ತಿತ್ತು. ದಿನವೂ ನನ್ನ ಗಾಜಿನ ಕಿಟಕಿಗೆ ಬಂದು, ತುದಿಗಾಲಲ್ಲಿ ನಿಂತು, “ನಾನು ಬಂದಿದೀನಿ ಅಂತ ಬರ್ಕೊಂಡ್ರಾ?” ಎನ್ನುತ್ತಿದ್ದಳು. ಪಾಠ ಓದಲು ಅವಳಿಗೆ ಜೋಡಿಯಾಗಿ ಕೂರಿಸಿದ್ದು ಈಡಿಯನ್ನೇ.

ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಬ್ರಯನಿಗೆ ಹೇಳಿಕೊಟ್ಟದ್ದೂ ನೆನಪಿತ್ತು, ಗೋಡೆಯ ಕಾಗದವೂ ಕಣ್ಣೆದುರಿಗೇ ಇತ್ತು. ಎರಡನ್ನೂ ಒಟ್ಟಿಗೆ ನೆನೆಯಲಿಲ್ಲ ನಾನು. ಮನೆಯದನ್ನು ಮನೆಯಲ್ಲಿಟ್ಟು, ಆಫೀಸಿನದನ್ನು ಆಫೀಸಿನಲ್ಲಿಟ್ಟು ಬದುಕಿದವಳಿಗೆ ಅದೇನೂ ಕಷ್ಟವಲ್ಲ.

ಅಕ್ಟೋಬರಿನ ಮೊದಲ ಸೋಮವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಬ್ರಯನಿ ಶಾಲೆಯ ಫೋನಿಗೇ ಕರೆ ಮಾಡಿದಳು. ಹಿಂದೆ ವಿಮಾನ ನಿಲ್ದಾಣದ ಗದ್ದಲ.

“ಗುಡ್ ಮಾರ್ನಿಂಗ್” ಎಂದಳು ನಗು ತಡೆದುಕೊಂಡು. “ಮೂರನೇ ತರಗತಿಯ ಈಡಿಯ ತಾಯಿ ಮಾತಾಡ್ತಿರೋದು. ಮಗುಗೆ ಶನಿವಾರ ರಾತ್ರಿಯಿಂದ ಸೀತಾಳೆ.”

“ಶೀಘ್ರ ಗುಣವಾಗಲಿ” ಎಂದೆ ನಾನೂ ಆಫೀಸಿನ ದನಿಯಲ್ಲಿ. ಆಮೇಲೆ ಮೆಲ್ಲಗೆ, “ಬಿಸಿಲಿಗೆ ಕ್ರೀಮು ಹಚ್ಚೇ ಮಗೂಗೆ.”

ಹಾಜರಿಯಲ್ಲಿ ‘ಕಾಯಿಲೆ’ ಎಂದು ಒತ್ತಿ, ಕಾರಣದ ಜಾಗದಲ್ಲಿ ಸೀತಾಳೆ ಸಿಡುಬು ಎಂದು ಬರೆದೆ. ಅದನ್ನು ಬರೆದ ಬೆರಳು ನನ್ನದೇ. ಶೆಲ್ಲಿಯ ಕಾಗದ ಒಂದು ಗೇಣು ದೂರದಲ್ಲಿತ್ತು.

ಹತ್ತು ಗಂಟೆಗೆ ಮಿಸೆಸ್ ಗಾರ್ಸೈಡ್ ಒಳಗೆ ಬಂದರು. “ಗೇನರ್, ಈಡಿಗೆ ಸೀತಾಳೆ ಅಂತ ಈಗ ನೋಡ್ದೆ. ಪಾಪ. ಶೆಲ್ಲಿಗೆ ಫೋನ್ ಮಾಡಿದ್ರಾ?”

ನನ್ನ ಕೈ ಚಹಾದ ಕಪ್ಪಿನ ಮೇಲಿತ್ತು. ಅದು ಬಿಸಿಯಾಗಿತ್ತೋ ತಣ್ಣಗಿತ್ತೋ ತಿಳಿಯಲಿಲ್ಲ.

“ಇನ್ನೂ ಇಲ್ಲ” ಎಂದೆ.

“ಗುಳ್ಳೆ ಏಳೋಕೆ ಎರಡು ದಿನ ಮುಂಚೇನೇ ಹರಡುತ್ತಂತೆ. ಶುಕ್ರವಾರ ಅವಳು ಎಲ್ಲಿ ಕೂತಿದ್ಳು?”

“ರೋಮಿ ಪಕ್ಕ.”

“ದೇವ್ರೇ. ಮೊದ್ಲು ಫೋನ್ ಮಾಡಿ. ನಾನು ರೋಮೀನ ತರಗತಿಯಿಂದ ಕರ್ಕೊಂಡು ಬರ್ತೀನಿ.”

ಅವರು ಹೋದ ಮೇಲೆ ನನಗೊಂದು ನಿಮಿಷವಿತ್ತು. ಆ ಒಂದು ನಿಮಿಷದ ಬಗ್ಗೆಯೇ ಇಷ್ಟೆಲ್ಲ ಬರೆಯುತ್ತಿರುವುದು. ಎದ್ದು ಅವರ ಹಿಂದೆ ಹೋಗಿ, ‘ಇದು ಸುಳ್ಳು ಮೇಡಮ್, ಮಗು ವಿಮಾನ ಹತ್ತಿದೆ’ ಎಂದಿದ್ದರೆ ಮುಗಿಯುತ್ತಿತ್ತು. ಹಾಜರಿಯಲ್ಲಿ ಸುಳ್ಳು ಬರೆದವಳಿಗೆ ಶಾಲೆಯಲ್ಲಿ ಜಾಗವಿಲ್ಲವೆಂಬುದು ನನಗೆ ಗೊತ್ತಿತ್ತು. ಆದರೆ ತಲೆಯಲ್ಲಿ ಓಡಿದ್ದು ಅದೂ ಅಲ್ಲ. ಬ್ರಯನಿ ಈಗ ಕಿಟಕಿಯ ಪಕ್ಕದ ಸೀಟಿನಲ್ಲಿರುತ್ತಾಳೆ, ಮೊಟ್ಟಮೊದಲ ಸಲ ಗೆಸ್ಟ್ ಆಗಿ ಹೊರಟಿದ್ದಾಳೆ, ಈಗ ಬೇಡ, ಇನ್ನೊಂದು ದಿನ ಕಳೆಯಲಿ ಎಂದುಕೊಂಡೆ. ರೋಮಿಗೆ ನಿಜವಾಗಿ ಏನೂ ತಗುಲಿಲ್ಲವಲ್ಲ, ಬರೀ ಎಚ್ಚರಿಕೆ ತಾನೇ ಎಂದೂ ಅಂದುಕೊಂಡೆ. ಹೇಡಿತನಕ್ಕೆ ಎಷ್ಟು ಬೇಗ ಕಾರಣಗಳು ಹುಟ್ಟುತ್ತವೆ!

ಫೋನು ಮಾಡಿದೆ. ಹತ್ತು ನಿಮಿಷದಲ್ಲಿ ಶೆಲ್ಲಿ ಬಂದಳು. ಕೆಲಸದ ಏಪ್ರನ್ನಿನ ಮೇಲೇ ಕೋಟು, ಒಂದು ಕೈಯಲ್ಲಿ ಬಿಚ್ಚಲು ಮರೆತ ರಬ್ಬರ್ ಗ್ಲೌಸು.

“ಈಡಿ ಹೇಗಿದಾಳೆ?” ಎಂದು ಕೇಳಿದಳು. ಅವಳು ಮೊದಲು ಕೇಳಿದ್ದೇ ಅದು.

“ಪರವಾಗಿಲ್ಲ” ಎಂದೆ.

“ನಿಮ್ಗೂ ಕಷ್ಟವೇ. ತಕ್ಷಣ ಹೇಳಿದ್ರಲ್ಲ, ಥ್ಯಾಂಕ್ಸ್ ಗೇನರ್. ಎಷ್ಟೋ ಶಾಲೇಲಿ ಹೇಳೋದೇ ಇಲ್ಲ ಗೊತ್ತಾ.”

ಆಗಲೇ ಮೇಜಿನ ಮೇಲೆ ನನ್ನ ಮೊಬೈಲು ಹೊಳೆಯಿತು. ಬ್ರಯನಿ ಕಳಿಸಿದ ಫೋಟೋ. ವಿಮಾನದ ಕಿಟಕಿಗೆ ಮೂಗು ಒತ್ತಿಕೊಂಡ ಈಡಿ. ನಾನು ಅದರ ಮೇಲೆ ಊಟದ ಪಟ್ಟಿಯನ್ನೆಳೆದು ಮುಚ್ಚಿದೆ.

ಮಿಸೆಸ್ ಗಾರ್ಸೈಡ್ ರೋಮಿಯ ಕೈ ಹಿಡಿದು ಬಂದರು. ಅವಳು ಕೋಟಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡಿದ್ದಳು. ಅಳುತ್ತಿರಲಿಲ್ಲ. ಕಿಟಕಿಯ ಹತ್ತಿರ ಬಂದು ನನ್ನನ್ನು ಕೇಳಿದಳು, “ಇವತ್ತು ನಾನು ಬಂದಿದ್ದೆ ಅಂತ ಬರ್ದಿದೀರಲ್ಲ? ಅರ್ಧ ದಿನ ಆದ್ರೂ?”

“ಬರ್ದಿದೀನಿ ಕಂದ.”

“ಮತ್ತೆ ಯಾವಾಗ ಬರೋದು?”

ಶೆಲ್ಲಿ ಹೇಳಿದಳು, “ನಿಂಗೂ ಬರುತ್ತಾ ಅಂತ ಗೊತ್ತಾಗೋಕೆ ಮೂರು ವಾರ ಆಗುತ್ತೆ ಚಿನ್ನ.”

ರೋಮಿ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. “ನಾನು ಈ ಸಲ ಏನೂ ಮಾಡ್ಲಿಲ್ಲವಲ್ಲಮ್ಮ. ಕೈ ಚೆನ್ನಾಗೇ ತೊಳ್ಕೊಂಡಿದ್ದೆ” ಎಂದಳು.

ಆ ರಾತ್ರಿ ನಾನು ನಿದ್ದೆ ಮಾಡಿದೆ. ಹೇಗೆ ಮಾಡಿದೆನೋ, ನಿಜವಾಗಿಯೂ ಮಾಡಿದೆ. ಅದು ಕೂಡ ನನ್ನ ತಪ್ಪುಗಳಲ್ಲಿ ಒಂದೆಂದೇ ಈಗ ಅನಿಸುತ್ತದೆ.

ಮಂಗಳವಾರ ಇಡೀ ದಿನ ಹೇಳಬೇಕು, ಹೇಳಬೇಕು ಎಂದುಕೊಂಡು ಕೂತೆ. ಮಿಸೆಸ್ ಗಾರ್ಸೈಡ್ ಎರಡು ಸಲ ಬಂದು ಹೋದರು. ಎರಡು ಸಲವೂ ನಾನು ಏನೋ ಫೈಲು ಹುಡುಕಿದೆ. ಮಧ್ಯಾಹ್ನ ಮಕ್ಕಳನ್ನು ಬಿಡುವ ಹೊತ್ತಿಗೆ ಶೆಲ್ಲಿ ಕಿಟಕಿಗೆ ಬಂದಳು. ಬೆಳಿಗ್ಗೆ ಐದಕ್ಕೆ ಎದ್ದು ನಾಟಿಂಗ್‌ಹ್ಯಾಮಿನ ಆಸ್ಪತ್ರೆಗೆ ಹೋಗಿ ಬಂದಿದ್ದಳು. ರೋಮಿ ಕಾರಿನಲ್ಲೇ ಇದ್ದಳು. ಬೇರೆ ಮಕ್ಕಳ ಹತ್ತಿರ ಅವಳು ಸುಳಿಯುವಂತಿರಲಿಲ್ಲ.

“ರಕ್ತ ತೆಗಿಯೋಕೆ ಮೂರು ಸಲ ಚುಚ್ಚಿದ್ರು” ಎಂದಳು. “ನರಾನೇ ಸಿಗಲ್ಲ ಈಗ. ಇಬ್ರು ನರ್ಸು ಹಿಡ್ಕೊಂಡಿದ್ರು. ಸೀತಾಳೆ ಬರದ ಹಾಗೆ ಶುಕ್ರವಾರದಿಂದ ಬೇರೆ ಔಷಧಿ ಶುರು ಅಂತೆ. ಮಾಮೂಲಿ ಮಾತ್ರೆ ನಿಲ್ಲಿಸ್ಬೇಕೋ ಏನೋ ಅಂತ ಡಾಕ್ಟ್ರು ಯೋಚಿಸ್ತಿದಾರೆ. ಅದು ನಿಲ್ಲಿಸ್ತಾರೆ ಅಂದ್ರೇನೇ ನಂಗೆ ಭಯ ಗೇನರ್.” ಕೋಟಿನ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಗಾಜಿನ ಕೆಳಗಿನ ಸಂದಿಯಿಂದ ತೂರಿಸಿದಳು. “ಈಡಿಗಂತೆ. ದಾರಿ ಉದ್ದಕ್ಕೂ ಕೂತು ಬರ್ದಳು.”

ಹಾಳೆಯ ಮೇಲೆ ಕೆಂಪು ಚುಕ್ಕೆ ತುಂಬಿದ ಹುಡುಗಿಯ ಚಿತ್ರ. ಕೆಳಗೆ ದೊಡ್ಡ ಅಕ್ಷರಗಳಲ್ಲಿ: ‘ಈಡಿ, ಕೆರ್ಕೋಬೇಡ. ಸೂಜಿ ಹಾಕೋಕೆ ಬಂದ್ರೆ ಗೋಡೆ ಕಡೆ ನೋಡು, ಇಪ್ಪತ್ತರ ತನಕ ಎಣಿಸು. ಹನ್ನೊಂದಕ್ಕೇ ಮುಗಿಯುತ್ತೆ. ನಾನು ನಿನ್ನ ಮೇಲೆ ಕೋಪ ಮಾಡ್ಕೊಂಡಿಲ್ಲ.’

ನಾನು ಕಿಟಕಿ ಮುಚ್ಚಿ, ಬಾಗಿಲು ತೆಗೆದು ಹೊರಗೆ ಬಂದೆ. ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ಶೆಲ್ಲಿಯನ್ನು ಕರೆದುಕೊಂಡು ಹೋಗಿ ಹೇಳಿದೆ.

“ಈಡಿಗೆ ಸೀತಾಳೆ ಬಂದಿಲ್ಲ.”

“ಅಂದ್ರೆ? ಬೇರೆ ಏನಾದ್ರೂನಾ?”

“ಏನೂ ಇಲ್ಲ. ಅವಳಿಗೆ ಏನೂ ಆಗಿಲ್ಲ. ಮಯೋರ್ಕಾದಲ್ಲಿದಾಳೆ. ಬ್ರಯನಿ ರಜೆಗೆ ಕರ್ಕೊಂಡು ಹೋಗಿದಾಳೆ. ಸೀತಾಳೆ ಅಂತ ಹೇಳು ಅಂದಿದ್ದು ನಾನೇ.”

ಶೆಲ್ಲಿ ನಗುವವಳಂತೆ ಬಾಯಿ ತೆರೆದಳು. “ಇಲ್ಲ ಇಲ್ಲ. ನೀವು ನಂಗೆ ಫೋನ್ ಮಾಡಿದ್ರಲ್ಲ. ನೀವೇ ಮಾಡಿದ್ರಲ್ಲ.”

“ಮಾಡ್ದೆ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ಅವಳು ಕಾರಿನ ಕಡೆ ನೋಡಿದಳು. ರೋಮಿ ಗಾಜಿನ ಹಿಂದಿನಿಂದ ಕೈ ಬೀಸುತ್ತಿದ್ದಳು, ನನ್ನ ಕಡೆಗೇ. ನಾನು ಕೈಯೆತ್ತಲಿಲ್ಲ.

“ನಿನ್ನೆ ನಾನು ನಿಂಗೆ ಥ್ಯಾಂಕ್ಸ್ ಹೇಳ್ದೆ” ಎಂದಳು ಶೆಲ್ಲಿ. ದನಿ ಬಹಳ ಸಣ್ಣದಾಗಿತ್ತು. “ಅಲ್ಲೇ ನಿಂತಿದ್ದೆ ನೀನು. ನಾನು ಥ್ಯಾಂಕ್ಸ್ ಅಂದೆ, ನೀನು ಇಸ್ಕೊಂಡೆ. ಕಳೆದ್ವಾರ ನಮ್ಮ ಪಾರ್ಕಲ್ಲಿ ಕೆಲ್ಸ ಮಾಡೋ ಹುಡ್ಗಿ ಮಗನ್ನ ರಜೆಗೆ ಕರ್ಕೊಂಡು ಹೋಗಿದ್ದಕ್ಕೆ ಅವಳ ಮೇಲೆ ಬರ್ದು ಹಾಕಿದ್ಯಲ್ಲ, ಅವಳಿಗೂ ಇದೇ ಹೇಳ್ಕೊಡ್ಬೇಕಿತ್ತು.”

“ಶೆಲ್ಲಿ, ನಾನು…”

“ಬೇಡ. ಅಳ್ಬೇಡ. ನೀನು ಅತ್ರೆ ನಾನು ಸಮಾಧಾನ ಮಾಡ್ಬೇಕಾ? ಫೋನ್ ತೆಗಿ. ಆಸ್ಪತ್ರೆಗೆ ಮಾಡು. ನೀನೇ ಹೇಳು, ನನ್ನೆದುರಿಗೆ.”

ಅವಳೇ ನಂಬರು ಒತ್ತಿ ಕೊಟ್ಟಳು. ಅತ್ತ ಕಡೆಯ ನರ್ಸ್ ಬಹಳ ಸೌಮ್ಯವಾಗಿ ಕೇಳಿದಳು. ನಿಮ್ಮ ಹೆಸರು? ಗೇನರ್. ಶಾಲೆಯಲ್ಲಿ ನೀವೇನು? ಆಫೀಸು, ಹಾಜರಿ. ಸೀತಾಳೆ ಬಂದಿದೆ ಎಂದ ಮಗು ಯಾರು? ನನ್ನ ಮೊಮ್ಮಗಳು. ಅದು ಸುಳ್ಳೆಂದು ನಿಮಗೆ ಹೇಗೆ ಗೊತ್ತು? ನಾನೇ ಹೇಳಿಕೊಟ್ಟದ್ದರಿಂದ ಗೊತ್ತು. ಡಾಕ್ಟರನ್ನೇ ಕರೆಯುತ್ತೇನೆ ಎಂದಳು. ಆಮೇಲೆ ಒಬ್ಬ ಡಾಕ್ಟರು ಬಂದರು.

“ನೋಡಿ, ನಿನ್ನೆ ಇದೆ ಅಂದ್ರಿ. ಇವತ್ತು ಇಲ್ಲ ಅಂತೀರಿ. ಬರೀ ನಿಮ್ಮ ಮಾತಿನ ಮೇಲೆ ನಾನು ಈ ಮಗುವಿನ ಔಷಧಿ ತೀರ್ಮಾನ ಮಾಡಕ್ಕಾಗಲ್ಲ. ಆ ಮಗುವಿನ ಮೈ ನೋಡ್ಬೇಕು. ಇವತ್ತು ತೆಗೆದ ಫೋಟೋ, ಹೊಟ್ಟೆ, ಬೆನ್ನು, ತಲೆಗೂದಲಿನ ಬುಡ. ಆಗುತ್ತಾ?”

“ಆಗುತ್ತೆ” ಎಂದು ಮಗಳಿಗೆ ಫೋನು ಮಾಡಿದೆ. ಒಂದೇ ಉದ್ದನೆಯ ಸದ್ದು. ಮತ್ತೊಮ್ಮೆ. ಮೂರನೆಯದಕ್ಕೆ ಬ್ರಯನಿ ಎತ್ತಿದಳು. ಹಿಂದೆ ನೀರಿನ ಸದ್ದು, ಮಕ್ಕಳ ಕೇಕೆ.

“ಅಮ್ಮಾ! ಇಲ್ಲಿ ಸಮುದ್ರ ಬೆಚ್ಚಗಿದೆ ಗೊತ್ತಾ? ಈಡಿ ಹೊರಗೇ ಬರ್ತಿಲ್ಲ, ಮೀನಾಗ್ಬಿಟ್ಟಿದಾಳೆ!”

ಹೇಳಿದೆ. ರೋಮಿಯ ಹೆಸರು ಹೇಳಿದೆ, ಸೂಜಿ ಹೇಳಿದೆ, ಬೇಕಾದ ಫೋಟೋಗಳನ್ನು ಹೇಳಿದೆ. ಹಿಂದಿನ ನೀರಿನ ಸದ್ದು ದೂರವಾಯಿತು. “ರೋಮಿ ವಿಷ್ಯ ನಿಂಗೆ ಗೊತ್ತಿತ್ತಲ್ಲಮ್ಮ” ಎಂದಳು. “ಅವಳ ಮಾತ್ರೆ, ಆ ಕಾಗದ, ಎಲ್ಲ. ನಂಗೆ ಅದ್ಯಾವ್ದೂ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಾನು ಬೇರೆ ಏನಾದ್ರೂ ಹೇಳ್ತಿದ್ದೆ. ದಂಡಾನೇ ಕಟ್ತಿದ್ದೆ. ಒಂದೇ ಒಂದು ವಾರ ಅಮ್ಮಾ. ಅದನ್ನೂ ನೀನು ಹೀಗೆ ಮಾಡಿ ಕೊಡ್ಬೇಕಿತ್ತಾ?”

“ಫೋಟೋ ಈಗ್ಲೇ ಕಳಿಸು” ಎಂದೆ.

ಕಾಲು ಗಂಟೆಯಲ್ಲಿ ನಾಲ್ಕು ಫೋಟೋ ಬಂದವು. ಹೋಟೆಲಿನ ಬಾಲ್ಕನಿಯಲ್ಲಿ ಈಡಿ, ಒದ್ದೆ ಕೂದಲು ಎತ್ತಿ ಹಿಡಿದುಕೊಂಡು, ಬೆನ್ನು ತಿರುಗಿಸಿ. ಮೈಯೆಲ್ಲ ಮರಳು. ಒಂದೇ ಒಂದು ಗುಳ್ಳೆಯಿಲ್ಲ. ನಾನೂ ಶೆಲ್ಲಿಯೂ ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತು ಆ ಮಗುವಿನ ಮೈಯನ್ನು ಪರೀಕ್ಷಿಸಿದೆವು. ಆಮೇಲೆ ಆಸ್ಪತ್ರೆಗೆ ಕಳಿಸಿದೆವು. ಡಾಕ್ಟರು ನೋಡಿ, ಬೇರೆ ಯಾರನ್ನೋ ಕೇಳಿ, ಹೊಸ ಔಷಧಿ ಬೇಡ, ಮಾಮೂಲಿ ಮಾತ್ರೆ ನಿಲ್ಲಿಸುವುದೂ ಬೇಡ, ಗುರುವಾರದಿಂದ ಮಗು ಶಾಲೆಗೆ ಹೋಗಬಹುದು ಎಂದರು.

ಶೆಲ್ಲಿ ಗೋಡೆಗೆ ಒರಗಿದಳು. ನಾನು ಕೈ ಚಾಚಿದೆ. ಅವಳು ಆ ಕೈ ನೋಡಿ, “ರೋಮಿ ಬರ್ದ ಆ ಹಾಳೆ ಕೊಡು ಇಲ್ಲಿ” ಎಂದಳು.

ಕೊಟ್ಟೆ. ಅವಳು ಅದನ್ನು ಮತ್ತೆ ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡಳು.

“ಗುರುವಾರ ಅವಳನ್ನ ಕರ್ಕೊಂಡು ಬರ್ತೀನಿ. ಆ ಕಿಟಕೀಲಿ ನೀನಿರಬಾರ್ದು” ಎಂದು ಹೇಳಿ ಕಾರಿನ ಕಡೆ ಹೋದಳು.

ನಾನು ನೇರ ಮಿಸೆಸ್ ಗಾರ್ಸೈಡರ ಕೋಣೆಗೆ ಹೋದೆ. ಅವರು ಕೊನೆಯವರೆಗೆ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಬಂದು ಕೇಳಿದ್ರೆ ನಾನು ಇಲ್ಲ ಅಂತಿದ್ದೆ, ನಿಜ” ಎಂದರು. “ಆದ್ರೆ ಬರೀ ದಂಡದಲ್ಲಿ ಮುಗೀತಿತ್ತು ಗೇನರ್. ನಾನೇ ಅವಳನ್ನ ತರಗತಿಯಿಂದ ಎಬ್ಬಿಸಿ ಕರ್ಕೊಂಡು ಬಂದೆ. ನನ್ನ ಕೈಲೂ ಅದನ್ನ ಮಾಡಿಸಿದ್ರಿ.”

ಹಾಜರಿ ತಿದ್ದುವುದಕ್ಕೆ ಒಂದು ಕ್ರಮವಿದೆ. ಮೊದಲು ಬರೆದದ್ದು ಅಳಿಯುವುದಿಲ್ಲ. ಅದರ ಪಕ್ಕದಲ್ಲೇ ಹೊಸದು, ತಿದ್ದಿದವರ ಹೆಸರು, ದಿನಾಂಕ, ಕಾರಣ ಇರಬೇಕು. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ಅವರನ್ನೇ ಕೇಳಿದೆ. “ಆಗಿದ್ದು ಬರೀರಿ” ಎಂದರು. ಬರೆದೆ. ಬೀಗದ ಕೈ ಮೇಜಿನ ಮೇಲಿಟ್ಟೆ. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಬೇಕೆಂದಾಯಿತು. ಅದರ ಕೊನೆ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗುರುವಾರ ರೋಮಿ ಶಾಲೆಗೆ ಬಂದಳಂತೆ. ಅಂಗಡಿಯಲ್ಲಿ ಸಿಕ್ಕ ಶಾಲೆಯ ಅಡುಗೆಯವಳು ಅಷ್ಟು ಮಾತ್ರ ಹೇಳಿದಳು. ಅವಳಿಗೆ ಅವಸರವಿತ್ತು, ಅಥವಾ ಇತ್ತೆಂದು ತೋರಿಸಿಕೊಂಡಳು.

ಶನಿವಾರ ವಿಮಾನ ನಿಲ್ದಾಣಕ್ಕೆ ಅವರನ್ನು ಕರೆತರಲು ನಾನೇ ಹೋದೆ. ಬೇರೆ ಯಾರಿದ್ದಾರೆ? ಈಡಿ ಕಂದುಬಣ್ಣಕ್ಕೆ ತಿರುಗಿ, ಹುಲ್ಲಿನ ಟೋಪಿ ಹಾಕಿಕೊಂಡು ಓಡಿ ಬಂದಳು. ಬ್ರಯನಿ ಪೆಟ್ಟಿಗೆಯನ್ನು ತಾನೇ ಎತ್ತಿ ಡಿಕ್ಕಿಗೆ ಹಾಕಿದಳು. “ಹೇಗಿತ್ತೇ?” ಎಂದರೆ “ಚೆನ್ನಾಗಿತ್ತು” ಎಂದಳು. ಮುಂದಿನ ಸೀಟು ಬಿಟ್ಟು ಮಗಳ ಜೊತೆ ಹಿಂದೆ ಕೂತಳು. ಅವಳ ಮೂಗಿನ ಮೇಲೆ ಬಿಸಿಲಿಗೆ ಚರ್ಮ ಸುಲಿದಿತ್ತು. ಮಂಗಳವಾರದವರೆಗೆ ಅವಳು ಎಷ್ಟು ನಕ್ಕಿರಬಹುದು ಎಂದು ಲೆಕ್ಕ ಹಾಕಿದೆ. ಒಂದೂವರೆ ದಿನ.

ಅರ್ಧ ದಾರಿಯಲ್ಲಿ ಈಡಿ ಹಿಂದಿನಿಂದ ಕತ್ತು ಚಾಚಿದಳು. “ಅಜ್ಜೀ, ಕೇಳು. ಮೊದ್ಲು ನಂಗೆ ಹೊಟ್ಟೆ ಮೇಲೆ ಬಂತು. ಆಮೇಲೆ ಬೆನ್ನು ಮೇಲೆ. ತುಂಬಾ ತುರಿಕೆ. ಅಮ್ಮ ಗುಲಾಬಿ ಬಣ್ಣದ ಔಷಧಿ ಹಚ್ಚಿದ್ಳು. ಸರಿಯಾಗಿ ಹೇಳ್ತಿದೀನಾ?”

ಕನ್ನಡಿಯಲ್ಲಿ ಬ್ರಯನಿ ಕಣ್ಣು ಮುಚ್ಚಿಕೊಂಡಿದ್ದಳು. ಮಗುವಿನ ರಜೆ ಕೆಡಬಾರದೆಂದು ಸುಳ್ಳು ಬಯಲಾದದ್ದನ್ನು ಅವಳು ಹೇಳಿರಲಿಲ್ಲ. ಫೋಟೋ ತೆಗೆದದ್ದನ್ನೂ ಡಾಕ್ಟರಾಟ ಎಂದಿದ್ದಳಂತೆ.

ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿ ತಿರುಗಿ ಕೂತೆ. “ಈಡಿ, ಹಾಗೆ ಯಾರ ಹತ್ರಾನೂ ಹೇಳೋದು ಬೇಡ ಕಂದ” ಎಂದು ಶುರು ಮಾಡಿ, ಅಜ್ಜಿ ಒಂದು ಸುಳ್ಳು ಬರೆದದ್ದು, ಅದರಿಂದ ರೋಮಿ ಆಸ್ಪತ್ರೆಗೆ ಹೋಗಬೇಕಾಗಿ ಬಂದದ್ದು, ಈಗ ಅವಳು ಚೆನ್ನಾಗಿರುವುದು, ಎಲ್ಲವನ್ನೂ ಚಿಕ್ಕದಾಗಿ ಹೇಳಿದೆ.

ಅವಳು ಟೋಪಿ ತೆಗೆದಳು. “ಸೂಜಿ ಹಾಕಿದ್ರಾ?”

“ಹಾಕಿದ್ರು.”

“ನನ್ನಿಂದಾನಾ?”

“ಅಲ್ಲ. ನನ್ನಿಂದ.”

“ಆದ್ರೆ ನಾನೂ ಹೇಳ್ದೆ ಅಜ್ಜಿ” ಎಂದಳು. “ವಿಮಾನದಲ್ಲಿ ಪಕ್ಕದ ಆಂಟಿಗೆ ಹೇಳ್ದೆ. ಅಭ್ಯಾಸ ಆಗ್ಲಿ ಅಂತ.” ಆಮೇಲೆ ತಾಯಿಯ ತೋಳಿನಲ್ಲಿ ಮುಖ ಹುದುಗಿಸಿದಳು. “ಸೋಮವಾರ ನಾನು ಶಾಲೆಗೆ ಹೋಗಲ್ಲ.”

ಬ್ರಯನಿ ಅವಳ ತಲೆ ಸವರುತ್ತಾ ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. “ಇದನ್ನ ಇವ್ಳಿಗೆ ನಾನು ಹೇಳ್ಬೇಕಿತ್ತಮ್ಮ” ಎಂದಳು. “ಇವತ್ತು ಮನೇಗೆ ಹೋದ್ಮೇಲೆ, ನನ್ನ ರೀತೀಲಿ. ಅದನ್ನೂ ನೀನೇ ಮಾಡ್ಬಿಟ್ಟೆ.”

ಅದೂ ನಿಜವೇ. ನನ್ನ ಎದೆಯ ಭಾರ ಇಳಿಸಲು ಆ ಮಗುವಿನ ಮಡಿಲೇ ಸಿಕ್ಕಿತು ನನಗೆ.

“ಸೋಮವಾರ ನಾವಿಬ್ರೂ ಹೋಗೋಣ ಈಡಿ” ಎಂದಳು ಬ್ರಯನಿ. “ಗೇಟಿನ ತನಕ ಅಲ್ಲ, ಒಳಗೇ. ಮೊದ್ಲು ರೋಮಿ ಅಮ್ಮನ ಹತ್ರ ನಾನು ಮಾತಾಡ್ತೀನಿ. ಅವ್ರು ಬೈದ್ರೆ ಬೈಲಿ. ನೀನು ನನ್ನ ಕೈ ಹಿಡ್ಕೊಂಡಿರು, ಸಾಕು.” ಆಮೇಲೆ ನನಗೆ, “ನೀನು ಬರೋದು ಬೇಡಮ್ಮ.”

ನಾನು ತಲೆಯಾಡಿಸಿ ಗಾಡಿ ಹೊರಡಿಸಿದೆ. ಊರು ಬರುವ ತನಕ ಹಿಂದಿನ ಸೀಟಿನಲ್ಲಿ ತಾಯಿ ಮಗಳು ಏನೋ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.